ಮನೆಗೆ ಸ್ಮಾರ್ಟ್ ಚಾರ್ಜರ್ ಬೇಕಾ, ಕಾರಿನ ಜೊತೆ ಬರುವ ಕೇಬಲ್ ಸಾಕಾ?

ಪ್ರಶ್ನೆ: ಎಲೆಕ್ಟ್ರಿಕ್ ಕಾರು ಬುಕ್ ಮಾಡಿದ್ದೇವೆ. ಬೆಂಗಳೂರಿನಲ್ಲಿ ಸ್ವಂತ ಮನೆ, ಸಿಂಗಲ್ ಫೇಸ್ ಮೀಟರ್. ದಿನಕ್ಕೆ 40–50 ಕಿ.ಮೀ. ಓಡಾಟ. ಕಾರಿನ ಜೊತೆ ಪವರ್ ಪ್ಲಗ್‌ಗೆ ಸಿಕ್ಕಿಸುವ ಕೇಬಲ್ ಬರುತ್ತದಂತೆ. ಶೋರೂಮಿನವರು ಮಾತ್ರ 7.2 ಕಿಲೋವ್ಯಾಟ್‌ನ ಸ್ಮಾರ್ಟ್ ಚಾರ್ಜರ್ ಹಾಕಿಸಿ ಅನ್ನುತ್ತಿದ್ದಾರೆ. ಹಾಕಿಸಬೇಕಾ? ಹಾಕಿಸಿದರೆ ಏನೇನು ನೋಡಬೇಕು?

ಉತ್ತರ: ಗೋಡೆಗೆ ಹಾಕುವ ಆ ಡಬ್ಬ ಅಸಲಿಗೆ ಚಾರ್ಜರೇ ಅಲ್ಲ. ಚಾರ್ಜರ್ ಇರುವುದು ಕಾರಿನೊಳಗೆ. ಮನೆಯ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವುದು ಅದೇ. ಡಬ್ಬ ಮಾಡುವುದು ಬಾಗಿಲು ಕಾಯುವ ಕೆಲಸ. ಅರ್ಥಿಂಗ್ ಇದೆಯಾ ನೋಡುತ್ತದೆ, ಎಲ್ಲಾದರೂ ಕರೆಂಟ್ ಸೋರುತ್ತಿದೆಯಾ ನೋಡುತ್ತದೆ. ಆಮೇಲೆ 'ನನ್ನಿಂದ ಇಷ್ಟು ಆಂಪ್ ಸಿಗುತ್ತದೆ, ಅದಕ್ಕಿಂತ ಜಾಸ್ತಿ ಎಳೆಯಬೇಡ' ಎಂದು ಕಾರಿಗೆ ತಿಳಿಸಿ ಸ್ವಿಚ್ ಒತ್ತುತ್ತದೆ. ಅಷ್ಟೇ.

ಇದು ಗೊತ್ತಾದರೆ ಅರ್ಧ ಗೊಂದಲ ಹೋಗುತ್ತದೆ. ಡಬ್ಬ ಎಷ್ಟೇ ದೊಡ್ಡದಿರಲಿ, ಕಾರಿನೊಳಗಿನ ಚಾರ್ಜರ್ ನುಂಗುವಷ್ಟೇ ನುಂಗುತ್ತದೆ. 2023ರಲ್ಲಿ ಎಂಜಿ ಕಾಮೆಟ್ ಬಂದಾಗ ಅದರೊಳಗಿದ್ದದ್ದು 3.3 ಕಿಲೋವ್ಯಾಟ್‌ನದು. ಅಂಥ ಕಾರಿಗೆ 7.2ರ ಡಬ್ಬ ಹಾಕಿಸಿದರೆ ಗೋಡೆಗೆ ಶೋಭೆ, ಇನ್ನೇನಿಲ್ಲ. ಕ್ರೆಟಾ ಎಲೆಕ್ಟ್ರಿಕ್‌ನಂಥ ಕಾರು 11 ಕಿಲೋವ್ಯಾಟ್‌ವರೆಗೆ ತೆಗೆದುಕೊಳ್ಳುತ್ತದೆ ನಿಜ, ಆದರೆ ಅದಕ್ಕೆ ತ್ರೀ ಫೇಸ್ ಬೇಕು. ನಿಮ್ಮದು ಸಿಂಗಲ್ ಫೇಸ್ ಆದ್ದರಿಂದ 32 ಆಂಪ್, ಅಂದರೆ ಏಳು ಚಿಲ್ಲರೆ ಕಿಲೋವ್ಯಾಟೇ ಮೇಲಿನ ಮಿತಿ.

ಈಗ ಲೆಕ್ಕ. ಊರೊಳಗಿನ ಓಡಾಟಕ್ಕೆ ಒಂದು ಯೂನಿಟ್‌ಗೆ 6–7 ಕಿ.ಮೀ. ಅಂದುಕೊಳ್ಳೋಣ. 45 ಕಿ.ಮೀ.ಗೆ ಏಳು ಯೂನಿಟ್. ಚಾರ್ಜ್ ಆಗುವಾಗ ಶೇ. 10ರಷ್ಟು ದಾರಿಯಲ್ಲೇ ಹೋಗುತ್ತದೆ, ಎಂಟು ಅನ್ನಿ. 3.3 ಕಿಲೋವ್ಯಾಟ್‌ನ ಕೇಬಲ್‌ನಲ್ಲಿ ಇದು ಎರಡೂವರೆ ಗಂಟೆಯ ಕೆಲಸ. ರಾತ್ರಿ ಊಟ ಮಾಡಿ ಸಿಕ್ಕಿಸಿದರೆ ನೀವು ಗೊರಕೆ ಶುರು ಮಾಡುವ ಹೊತ್ತಿಗೆ ಮುಗಿದಿರುತ್ತದೆ. 40 ಯೂನಿಟ್ ಬ್ಯಾಟರಿಯನ್ನು ಸೊನ್ನೆಯಿಂದ ತುಂಬಿಸಬೇಕಾದರೆ 13 ಗಂಟೆ ಬೇಕು, 7.2ರಲ್ಲಾದರೆ ಆರು ಗಂಟೆ. ಆದರೆ ದಿನಾ ಸೊನ್ನೆಗೆ ಇಳಿಸಿಕೊಂಡು ಮನೆಗೆ ಬರುವವರು ಯಾರು? ಶನಿವಾರ ರಾತ್ರಿ ಊರಿಂದ ಬಂದು ಭಾನುವಾರ ಬೆಳಿಗ್ಗೆ ಮತ್ತೆ ಹೊರಡುವವರಿಗೆ, ಮನೆಯಲ್ಲಿ ಎರಡು ಎಲೆಕ್ಟ್ರಿಕ್ ಕಾರು ಇರುವವರಿಗೆ ಆ ಉಳಿದ ಏಳು ಗಂಟೆಗೆ ಬೆಲೆ ಇದೆ. ನಿಮ್ಮ ಓಡಾಟಕ್ಕೆ ಕೇಬಲ್ಲೇ ಧಾರಾಳ.

ಆದರೆ ಆ ಕೇಬಲ್ ಸಿಕ್ಕಿಸುವ ಜಾಗ ಗಟ್ಟಿ ಇರಬೇಕು. ನನಗೆ ಇದು ಅರ್ಥವಾದದ್ದು ಕಾರು ಬಂದ ಮೊದಲ ವಾರ. ಸಿಕ್ಕಿಸಿದರೆ ಕೇಬಲ್‌ನ ಪೆಟ್ಟಿಗೆಯಲ್ಲಿ ಕೆಂಪು ದೀಪ. ಹೊಸ ಕೇಬಲ್ಲೇ ಕೆಟ್ಟಿದೆ ಅಂತ ನಾನು ಫೋನ್ ಮೇಲೆ ಫೋನ್ ಮಾಡಿದೆ. ಕೊನೆಗೆ ಬೀದಿಯ ಎಲೆಕ್ಟ್ರಿಷಿಯನ್ ಬಂದು, ಏನೂ ಮಾತಾಡದೆ, ಕಾಂಪೌಂಡ್ ಮೂಲೆಯ ಅರ್ಥ್ ಗುಂಡಿಗೆ ಎರಡು ಕೊಡ ನೀರು ಹೊಯ್ದ. ದೀಪ ಹಸಿರಾಯಿತು! ಮನೆ ಕಟ್ಟಿಸಿದ ಮೇಲೆ ಆ ಗುಂಡಿಯನ್ನು ಯಾರೂ ತಿರುಗಿ ನೋಡಿರಲಿಲ್ಲ. ಫ್ರಿಜ್ಜು, ಗೀಸರು ಅರ್ಥಿಂಗ್ ಇಲ್ಲದಿದ್ದರೂ ತಕರಾರಿಲ್ಲದೆ ಓಡುತ್ತವೆ, ಕಾರು ಓಡುವುದಿಲ್ಲ. ಅದು ಒಳ್ಳೆಯದೇ ಅಲ್ವಾ? ನೀರು ಹೊಯ್ದದ್ದು ಒಂದು ದಿನದ ಉಪಾಯ. ಆಮೇಲೆ ಹೊಸ ಗುಂಡಿ ತೋಡಿಸಿ ಬೇರೆ ಅರ್ಥ್ ಹಾಕಿಸಿದೆವು. ಕಾರಿಗೆ ಅಂತ ನಾನು ಮಾಡಿದ ಖರ್ಚಿನಲ್ಲಿ ಇದಕ್ಕಿಂತ ಸಾರ್ಥಕವಾದದ್ದು ಇನ್ನೊಂದಿಲ್ಲ.

ಪವರ್ ಪ್ಲಗ್ ವಿಷಯವೂ ಹಾಗೇ. ಗೀಸರ್ ಇಪ್ಪತ್ತು ನಿಮಿಷ ಉರಿದು ಆರುತ್ತದೆ. ಕಾರು ಅಷ್ಟೇ ಕರೆಂಟನ್ನು ಗಂಟೆಗಟ್ಟಲೆ, ಒಂದೇ ಸಮ ಎಳೆಯುತ್ತದೆ. ಸಾಕೆಟ್ ಸ್ವಲ್ಪ ಸಡಿಲವಿದ್ದರೂ ಬಿಸಿಯಾಗಿ ಪ್ಲಾಸ್ಟಿಕ್ ಹಳದಿಗೆ ತಿರುಗಿ ಕೊನೆಗೆ ಕರಗುತ್ತದೆ. ಹಾಗಾಗಿ ಮೀಟರ್ ಬೋರ್ಡಿನಿಂದ ನೇರವಾಗಿ 4 ಸ್ಕ್ವೇರ್ (ಚದರ ಮಿ.ಮೀ. ದಪ್ಪದ) ವೈರಿನಲ್ಲಿ ಬೇರೆ ಲೈನು ಎಳೆಸಿ, ಅದಕ್ಕೇ ಒಂದು ಎಂಸಿಬಿ ಹಾಕಿಸಿ. ಕಾರ್ಖಾನೆಗಳಲ್ಲಿ ಬಳಸುವ ನೀಲಿ ಬಣ್ಣದ ಸಾಕೆಟ್ ಹಾಕಿಸಿದರೆ ಇನ್ನೂ ವಾಸಿ, ಆದರೆ ಕೇಬಲ್‌ನ ತುದಿ ಅದಕ್ಕೆ ಹೊಂದುವಂತಿರಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ. ಯುಪಿಎಸ್ ಲೈನಿಗಂತೂ ಅಪ್ಪಿತಪ್ಪಿಯೂ ಸಿಕ್ಕಿಸಬೇಡಿ.

7.2ರ ಡಬ್ಬವೇ ಬೇಕು ಅಂದರೆ ಅದಕ್ಕೆ ಕನಿಷ್ಠ 6 ಸ್ಕ್ವೇರ್ ತಾಮ್ರದ ವೈರು, ಮೀಟರ್‌ನಿಂದ ಪಾರ್ಕಿಂಗ್ ದೂರವಿದ್ದರೆ 10 ಸ್ಕ್ವೇರ್. 40 ಆಂಪ್ ಎಂಸಿಬಿ. 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್. ಅಂಗಡಿಯಲ್ಲಿ ಸುಮ್ನೆ ಆರ್‌ಸಿಸಿಬಿ ಕೊಡಿ ಅಂದರೆ ಟೈಪ್ ಎಸಿ ಕೈಗಿಡುವುದೇ ಜಾಸ್ತಿ. ಕಾರಿಗೆ ಅದು ಸಾಲದು, ಟೈಪ್ ಎ ಕೇಳಿ. ಡಬ್ಬದೊಳಗೇ 6 ಮಿಲಿಆಂಪ್ ಡಿಸಿ ಸೋರಿಕೆ ಹಿಡಿಯುವ ವ್ಯವಸ್ಥೆ ಇದೆಯಾ ಎಂದೂ ಕೇಳಿ. ಇಲ್ಲದಿದ್ದರೆ ಟೈಪ್ ಬಿ ಬೇಕಾಗುತ್ತದೆ, ಅದರ ಬೆಲೆ ಕೇಳಿದರೆ ತಲೆ ತಿರುಗುತ್ತದೆ.

ಇನ್ನು ಮೀಟರ್. ಬೆಂಗಳೂರಿನ ಎಷ್ಟೋ ಮನೆಗಳ ಮಂಜೂರಾದ ಲೋಡ್ 3ರಿಂದ 5 ಕಿಲೋವ್ಯಾಟ್. ನಿಮ್ಮದು ಎಷ್ಟು ಅಂತ ಬೆಸ್ಕಾಂ ಬಿಲ್ಲಿನಲ್ಲೇ ಇರುತ್ತದೆ, ಒಮ್ಮೆ ನೋಡಿ. ಅದರ ಮೇಲೆ ಏಳು ಕಿಲೋವ್ಯಾಟ್‌ನ ಡಬ್ಬ ಕೂರಿಸಬೇಕಾದರೆ ಲೋಡ್ ಏರಿಸಬೇಕು, ಬಹುಶಃ ತ್ರೀ ಫೇಸ್‌ಗೂ ಹೋಗಬೇಕು. ಶೋರೂಮಿನವರು ಈ ಮಾತು ಎತ್ತುವುದಿಲ್ಲ. ಲೋಡ್ ಏರಿಸಲು ಒಂದು ಸಲ ಕಟ್ಟುವ ಠೇವಣಿ ಇರಲಿ, ನಿಗದಿತ ಶುಲ್ಕ ತಿಂಗಳು ತಿಂಗಳು ಬರುತ್ತದೆ. ಕಿಲೋವ್ಯಾಟ್ ಒಂದಕ್ಕೆ ಅದು ನೂರು ರೂಪಾಯಿ ದಾಟಿದೆ. ಐದು ಕಿಲೋವ್ಯಾಟ್ ಏರಿಸಿದರೆ, ಕಾರನ್ನು ಒಂದು ದಿನವೂ ಸಿಕ್ಕಿಸದಿದ್ದರೂ, ತಿಂಗಳಿಗೆ ಐನೂರಕ್ಕೂ ಜಾಸ್ತಿ.

ಗೃಹಜ್ಯೋತಿ ಇರುವವರು ಇನ್ನೊಂದು ಲೆಕ್ಕ ಹಾಕಬೇಕು. ತಿಂಗಳಿಗೆ ಸಾವಿರ ಕಿ.ಮೀ. ಓಡಿಸಿದರೆ ಕಾರೊಂದೇ 160–170 ಯೂನಿಟ್ ತಿನ್ನುತ್ತದೆ. ಮನೆಯದ್ದು 80 ಇದ್ದರೆ ಒಟ್ಟು 200 ದಾಟಿತು. 200 ದಾಟಿದ ತಿಂಗಳು ಇಡೀ ಬಿಲ್ ನೀವೇ ಕಟ್ಟಬೇಕು, ಮೇಲಿನ ನಲವತ್ತು–ಐವತ್ತಕ್ಕೆ ಮಾತ್ರ ಅಲ್ಲ. ಮನೆ ಮೀಟರ್‌ನಿಂದ ಕಾರಿಗೆ ಚಾರ್ಜ್ ಮಾಡುವುದಕ್ಕೆ ಅಡ್ಡಿಯೇನೂ ಇಲ್ಲ, ಕೇಂದ್ರದ ಇಂಧನ ಸಚಿವಾಲಯ 2018ರ ಮಾರ್ಗಸೂಚಿಯಲ್ಲೇ ಅದನ್ನು ಹೇಳಿದೆ. ಆದರೆ ಇವಿ ಚಾರ್ಜಿಂಗ್‌ಗೆ ಬೆಸ್ಕಾಂನಲ್ಲಿ ಬೇರೆಯೇ ದರದ ವರ್ಗ ಇದೆ. ಆ ವರ್ಗದಲ್ಲಿ ಕಾರಿಗೊಂದು ಪ್ರತ್ಯೇಕ ಮೀಟರ್ ಸಿಗುತ್ತದಾ ಎಂದು ನಿಮ್ಮ ಉಪವಿಭಾಗದ ಕಚೇರಿಯಲ್ಲಿ ಕೇಳಿ, ಎರಡೂ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿ.

ಇಷ್ಟೆಲ್ಲ ಆದ ಮೇಲೆ 'ಸ್ಮಾರ್ಟ್' ಅನ್ನುವ ಪದಕ್ಕೆ ಬರೋಣ. ಈ ಮಾತು ಜೋರಾಗಿ ಕೇಳುವುದು ಬ್ರಿಟನ್‌ನಂಥ ಕಡೆ, ಅಲ್ಲಿ ಅದಕ್ಕೆ ಅರ್ಥವೂ ಇದೆ. ರಾತ್ರಿಯ ಕರೆಂಟ್ ಹಗಲಿಗಿಂತ ಎಷ್ಟೋ ಅಗ್ಗಕ್ಕೆ ಸಿಗುವ ಪ್ಲಾನ್‌ಗಳು ಅಲ್ಲಿವೆ. 2022ರ ಜೂನ್ 30ರಿಂದ ಅಲ್ಲಿ ಮನೆಗೆ ಮಾರುವ ಚಾರ್ಜರ್ ಸ್ಮಾರ್ಟ್ ಇರಲೇಬೇಕು ಎಂಬ ಕಾನೂನೂ ಇದೆ. ವಾರದ ದಿನಗಳಲ್ಲಿ ಬೆಳಿಗ್ಗೆ 8ರಿಂದ 11, ಸಂಜೆ 4ರಿಂದ 10ರವರೆಗೆ ತಾನಾಗಿ ಚಾರ್ಜ್ ಶುರುವಾಗದಂತೆ ಅದನ್ನು ಮೊದಲೇ ಹೊಂದಿಸಿ ಕೊಡಬೇಕು. ಅಷ್ಟೇ ಅಲ್ಲ, ಹೇಳಿದ ಹೊತ್ತಿಗಿಂತ ಹತ್ತು ನಿಮಿಷದವರೆಗೆ ತಡಮಾಡಿ ಶುರುಮಾಡುತ್ತದೆ, ಒಂದೊಂದು ಡಬ್ಬ ಒಂದೊಂದು ಹೊತ್ತಿಗೆ. ಇಲ್ಲದಿದ್ದರೆ ರಾತ್ರಿ ಗಂಟೆ ಹೊಡೆದ ಕ್ಷಣಕ್ಕೆ ಲಕ್ಷಾಂತರ ಕಾರುಗಳು ಒಟ್ಟಿಗೆ ಬಾಯಿ ತೆರೆದು ಗ್ರಿಡ್ ಕುಸಿದೀತು ಎಂಬ ಭಯ. ಲಂಡನ್ನಿನಲ್ಲೋ ಮಿಲ್ಟನ್ ಕೀನ್ಸ್‌ನಲ್ಲೋ ಇರುವ ನಿಮ್ಮ ಅಣ್ಣ 'ಸ್ಮಾರ್ಟ್ ಚಾರ್ಜರ್ ಹಾಕಿಸಿಕೋ, ದುಡ್ಡು ಉಳಿಯುತ್ತೆ' ಅಂದರೆ ಅವನ ಮಟ್ಟಿಗೆ ಅದು ನಿಜ.

ನಮ್ಮಲ್ಲಿ? ಬೆಸ್ಕಾಂನ ಮನೆ ದರ ಹಗಲಾದರೂ ಅಷ್ಟೇ, ರಾತ್ರಿಯಾದರೂ ಅಷ್ಟೇ. ಹೊತ್ತು ನೋಡಿ ಚಾರ್ಜ್ ಮಾಡಿದರೆ ನಯಾಪೈಸೆ ಉಳಿಯುವುದಿಲ್ಲ. ಮುಂದೆ ಸ್ಮಾರ್ಟ್ ಮೀಟರ್ ಎಲ್ಲರ ಮನೆಗೂ ಬಂದು, ಕೇಂದ್ರದ 2023ರ ನಿಯಮ ಹೇಳುವಂತೆ ಬಿಸಿಲಿನ ಹೊತ್ತಿನ ಕರೆಂಟ್ ಅಗ್ಗವಾದರೆ ಮಾತು ಬೇರೆ. ಆಗಲೂ, ಟೈಮ್ ಇಟ್ಟು ಚಾರ್ಜ್ ಶುರುಮಾಡುವ ಸೌಲಭ್ಯ ಹಲವು ಕಾರುಗಳ ಆ್ಯಪ್‌ನಲ್ಲೇ ಇದೆ. ಅದಕ್ಕೆ ಡಬ್ಬವೂ ಜಾಣ ಆಗಬೇಕಿಲ್ಲ.

ನಾನು ದುಡ್ಡು ಕೊಡುವ ಜಾಣತನ ಒಂದೇ, ಲೋಡ್ ನೋಡಿಕೊಳ್ಳುವುದು. ಮೀಟರ್ ಹತ್ತಿರದ ವೈರಿಗೆ ಬಳೆಯಂಥ ಒಂದು ಸೆನ್ಸರ್ ತೊಡಿಸುತ್ತಾರೆ. ಗೀಸರ್, ಮೋಟರ್, ಇಂಡಕ್ಷನ್ ಒಲೆ ಒಟ್ಟಿಗೆ ಹತ್ತಿದಾಗ ಡಬ್ಬ ಕಾರಿನ ಪಾಲನ್ನು ತಾನೇ ಇಳಿಸುತ್ತದೆ, ಅವು ಆರಿದ ಮೇಲೆ ಏರಿಸುತ್ತದೆ. ಫ್ಯೂಸ್ ಹಾರುವುದಿಲ್ಲ, ಲೋಡ್ ಅಷ್ಟೊಂದು ಏರಿಸಬೇಕಾಗಿಯೂ ಬರಲಿಕ್ಕಿಲ್ಲ. ಈ ಸೌಲಭ್ಯ ಇಲ್ಲದಿದ್ದರೂ ಗರಿಷ್ಠ ಆಂಪ್ ಅನ್ನು 10, 16, 24 ಅಂತ ಇಳಿಸಿಡುವ ವ್ಯವಸ್ಥೆಯಾದರೂ ಇರಬೇಕು.

ಸೋಲಾರ್ ಇದ್ದವರಿಗೆ 'ಬಿಸಿಲಿನ ಕರೆಂಟಷ್ಟೇ ಕಾರಿಗೆ' ಅನ್ನುವ ಮೋಡ್ ತೋರಿಸುತ್ತಾರೆ. ಕೇಳಲು ಚೆಂದ. ಆದರೆ ಎಸಿ ಚಾರ್ಜಿಂಗ್ 6 ಆಂಪ್‌ಗಿಂತ ಕೆಳಗೆ ನಡೆಯುವುದಿಲ್ಲ, ಅಂದರೆ ಸುಮಾರು 1.4 ಕಿಲೋವ್ಯಾಟ್ ಮಿಗುತ್ತಲೇ ಇರಬೇಕು. ಮೋಡ ಮುಸುಕಿದಾಗೆಲ್ಲ ನಿಂತು ನಿಂತು ಹೋಗುತ್ತದೆ. ಮೇಲಾಗಿ ನೆಟ್ ಮೀಟರ್ ಇದ್ದರೆ ಹಗಲು ಕೊಟ್ಟದ್ದು ಲೆಕ್ಕದಲ್ಲಿ ವಾಪಸ್ ಬರುತ್ತದೆ, ಕಾರು ಹಗಲು ಆಫೀಸಿನಲ್ಲೇ ಇರಲಿ ಬಿಡಿ.

ಅಪಾರ್ಟ್‌ಮೆಂಟಿನವರ ಕಥೆ ಬೇರೆ. ಸಂಘದ ಮೀಟರ್‌ನಿಂದ ಹತ್ತು ಜನ ಚಾರ್ಜ್ ಮಾಡುವಲ್ಲಿ ಯಾರದು ಎಷ್ಟು ಯೂನಿಟ್ ಎಂದು ಬರೆದಿಡುವ, ಕಾರ್ಡ್ ತೋರಿಸಿದರೆ ಮಾತ್ರ ಶುರುವಾಗುವ ಚಾರ್ಜರ್ ಬೇಕೇ ಬೇಕು. ಜಗಳ ತಪ್ಪಿಸುವುದಕ್ಕಾದರೂ.

ಕೊಳ್ಳುವುದೇ ಆದರೆ 'ಓಸಿಪಿಪಿ ಇದೆಯಾ' ಎಂದು ಕೇಳಿ. ಬೇರೆ ಬೇರೆ ಕಂಪನಿಗಳ ಚಾರ್ಜರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ಸಾಮಾನ್ಯ ಭಾಷೆ ಅದು. ಯಾಕೆ ಬೇಕು ಅಂದರೆ, 2024ರ ಅಕ್ಟೋಬರ್‌ನಲ್ಲಿ ಎನೆಲ್ ಎಕ್ಸ್ ವೇ ಕಂಪನಿ ಅಮೆರಿಕ, ಕೆನಡಾದಲ್ಲಿ ಕೆಲವೇ ದಿನಗಳ ನೋಟಿಸ್ ಕೊಟ್ಟು ಅಂಗಡಿ ಮುಚ್ಚಿತು. ಅವರ ಜ್ಯೂಸ್‌ಬಾಕ್ಸ್ ಚಾರ್ಜರ್ ಮನೆಯಲ್ಲಿ ಹಾಕಿಸಿಕೊಂಡವರು ಆ್ಯಪ್‌ನ ಗತಿಯೇನು ಎಂದು ತಲೆ ಕೆಡಿಸಿಕೊಂಡರು. ಡಬ್ಬ ಕರೆಂಟ್ ಕೊಡುವುದನ್ನು ನಿಲ್ಲಿಸಲಿಲ್ಲ, ಜಾಣತನದ ಬೆನ್ನಿಗಿದ್ದ ಕಂಪನಿ ಮಾತ್ರ ಇರಲಿಲ್ಲ. ಹಾಗಾಗಿ ಇಂಟರ್‌ನೆಟ್ ಇಲ್ಲದೆಯೂ ಸಿಕ್ಕಿಸಿದ ಕೂಡಲೇ ಚಾರ್ಜ್ ಆಗುವ, ಕರೆಂಟ್ ಹೋಗಿ ಬಂದರೆ ತಾನೇ ಮತ್ತೆ ಶುರುವಾಗುವ ಡಬ್ಬವನ್ನೇ ಆರಿಸಿ. ಎರಡನೆಯದು ನಮ್ಮ ಊರಿನಲ್ಲಿ ಎಷ್ಟು ಮುಖ್ಯ ಅಂತ ನಾನು ಹೇಳಬೇಕಾ? ಮಳೆ ಬೀಳುವ ಜಾಗವಾದರೆ ಧೂಳು, ನೀರು ಒಳಗೆ ಬಿಡದ ಐಪಿ65 ದರ್ಜೆಯದಿರಲಿ.

ನಿಮ್ಮ ವಿಷಯಕ್ಕೆ ಬಂದರೆ, ಈಗ ಅರ್ಥಿಂಗ್, ಬೇರೆ ಲೈನು, ಒಳ್ಳೆಯ ಸಾಕೆಟ್ ಇಷ್ಟು ಮಾಡಿಸಿ. ಗೋಡೆ ಕೊರೆಯುವುದು ಹೇಗೂ ಇದೆಯಲ್ಲ, ವೈರನ್ನು 4ರ ಬದಲು 6 ಸ್ಕ್ವೇರ್‌ನದೇ ಎಳೆಸಿಬಿಡಿ, ಮುಂದೆ ಡಬ್ಬ ಬೇಕೆನಿಸಿದರೆ ಮತ್ತೆ ಒಡೆಯಬೇಕಾಗಿಲ್ಲ. ಆರು ತಿಂಗಳು ಕೇಬಲ್‌ನಲ್ಲೇ ಓಡಿಸಿ. ಅಷ್ಟರಲ್ಲಿ ಬೆಳಿಗ್ಗೆ ಎದ್ದಾಗ ಚಾರ್ಜ್ ಸಾಲಲಿಲ್ಲ ಅನ್ನುವ ದಿನ ಎಷ್ಟು ಬಂತು ಎಂದು ಎಣಿಸಿ. ಬಂದಿದ್ದರೆ ಡಬ್ಬ ತನ್ನಿ. ತರುವ ಮೊದಲು ಫೋನ್ ಹಿಡಿದು ಪಾರ್ಕಿಂಗ್ ಜಾಗಕ್ಕೆ ಹೋಗಿ, ಮನೆಯ ವೈಫೈ ಅಲ್ಲಿಗೆ ಎಷ್ಟು ಕಡ್ಡಿ ಬರುತ್ತದೆ ನೋಡಿಬಿಡಿ.