ಶಿವರಾತ್ರಿ ಜಾಗರಣೆಗೆ ಚಿತ್ರದುರ್ಗದ ಕೋಟೆಯನ್ನು ರಾತ್ರಿಯಿಡೀ ತೆರೆದಿಡಬಾರದೇಕೆ?

ಪ್ರಶ್ನೆ: ‘ಮೇಲುದುರ್ಗದಲ್ಲಿ ಇರೋರು ನಮ್ಮ ಹಿರೀಕರು ಪೂಜಿಸಿದ ದೇವರು. ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಏಕನಾಥೇಶ್ವರಿ ಯಾರೂ ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ ಮೂರ್ತಿಗಳಲ್ಲ. ಶಿವರಾತ್ರಿ ಅಂದ್ರೆ ಜಾಗರಣೆ, ಜಾಗರಣೆ ಅಂದ್ರೆ ರಾತ್ರಿ. ಆದ್ರೆ ಹೊತ್ತು ಮುಳುಗಿದ ಮೇಲೆ ಕೋಟೆಯೊಳಗೆ ಯಾರೂ ಇರಬಾರದು ಅಂತಾರೆ. ವರ್ಷಕ್ಕೆ ಒಂದೇ ಒಂದು ರಾತ್ರಿ ಎಲ್ಲರಿಗೂ ಬಾಗಿಲು ತೆರೆದಿಟ್ಟರೆ ಇಲಾಖೆಗೆ ಏನು ಕಷ್ಟ?’

ಉತ್ತರ: ಮಾಘ ಮಾಸ ಬಂತೆಂದರೆ ಚಿತ್ರದುರ್ಗದಲ್ಲಿ ಈ ಮಾತು ಏಳುತ್ತದೆ. ಕಾರ್ತಿಕದಲ್ಲಿ ಇದೇ ಪ್ರಶ್ನೆ ದೀಪೋತ್ಸವದ ರೂಪದಲ್ಲಿ ಬರುತ್ತದೆ. ಕೇಳುವವರ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚು. ನಮ್ಮ ಕೋಟೆಗೆ ನಾವೇ ಹೊರಗಿನವರಾದೆವಲ್ಲ ಎಂಬ ನೋವು ಅದು. ಹಾಗಾಗಿ ‘ನಿಯಮ ಹಾಗಿದೆ’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ.

ನೇರವಾಗಿ ಹೇಳುವುದಾದರೆ, ಪೂಜೆಗೆ ಕಾನೂನಿನ ಅಡ್ಡಿ ನೀವು ಅಂದುಕೊಂಡಷ್ಟು ದೊಡ್ಡದಲ್ಲ. ದೊಡ್ಡ ಅಡ್ಡಿ ಇರುವುದು ಕೋಟೆಯ ಕಟ್ಟಡದಲ್ಲೇ.

ಮೊದಲು ಕಾನೂನು. ದುರ್ಗದ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಇದಕ್ಕೆ ಅನ್ವಯಿಸುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಮತ್ತು 1959ರ ನಿಯಮಗಳು. ಸ್ಮಾರಕವನ್ನು ನೋಡುವ ಹಕ್ಕು ಸಾರ್ವಜನಿಕರಿಗೆ ಇದೆ ಎಂದು ಕಾಯ್ದೆಯ 18ನೇ ಸೆಕ್ಷನ್ನೇ ಹೇಳುತ್ತದೆ, ಆದರೆ ಅದು ನಿಯಮಗಳಿಗೆ ಒಳಪಟ್ಟ ಹಕ್ಕು. ಸಾಮಾನ್ಯ ನಿಯಮ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ. ಸ್ಮಾರಕದೊಳಗೆ ಸಭೆ, ಸಮಾರಂಭ, ಮನರಂಜನೆ ನಡೆಸಬೇಕಾದರೆ ಕೇಂದ್ರ ಸರ್ಕಾರದ ಲಿಖಿತ ಅನುಮತಿ ಬೇಕು. ಹೀಗೆನ್ನುವ 7ನೇ ನಿಯಮದ ಮುಂದಿನ ಸಾಲನ್ನು ಮಾತ್ರ ಯಾರೂ ಓದುವುದಿಲ್ಲ: ಮಾನ್ಯವಾದ ಧಾರ್ಮಿಕ ರೂಢಿ, ಸಂಪ್ರದಾಯದಂತೆ ನಡೆಯುವ ಕೂಟಕ್ಕೆ ಈ ಅನುಮತಿಯ ಷರತ್ತು ಅನ್ವಯಿಸುವುದಿಲ್ಲ.

ಇಲ್ಲಿ ತೂಕ ಇರುವುದು ‘ರೂಢಿ’ ಎಂಬುದಕ್ಕೆ. ಸ್ಮಾರಕ ರಕ್ಷಣೆಗೆ ಒಳಪಟ್ಟ ಕಾಲಕ್ಕೆ ಎಲ್ಲಿ ಪೂಜೆ ನಡೆಯುತ್ತಿತ್ತೋ ಅಲ್ಲಿ ಅದು ಮುಂದುವರಿಯಬಹುದು, ನಿಂತುಹೋಗಿದ್ದ ಕಡೆ ಹೊಸದಾಗಿ ಶುರುಮಾಡುವಂತಿಲ್ಲ ಎಂಬುದು ಇಲಾಖೆಯ ಧೋರಣೆ. ಹಿರಿಯರ ಕಾಲದಿಂದ ನಡೆದುಬಂದ ಅಭಿಷೇಕ, ಭಜನೆ, ದೀಪ ಇವು ರೂಢಿ. ಅದರ ಬೆನ್ನಿಗೆ ಸೇರಿಕೊಂಡ ಧ್ವನಿವರ್ಧಕ, ಆರ್ಕೆಸ್ಟ್ರಾ, ಶಾಮಿಯಾನ, ಅಲ್ಲೇ ಒಲೆ ಹೂಡಿ ಮಾಡುವ ಪ್ರಸಾದ ರೂಢಿಯಲ್ಲ. ಅನುಮತಿಯಿಲ್ಲದ ಜಾಗದಲ್ಲಿ ಅಡುಗೆ ಮಾಡುವುದು, ಮಾರಾಟ ಮಾಡುವುದು, ವಾಹನ ತರುವುದು ಇವನ್ನು 8ನೇ ನಿಯಮ ಹೆಸರಿಸಿ ನಿಷೇಧಿಸಿದೆ. ಶಾಮಿಯಾನದ ಗೂಟಕ್ಕೆ ಗುಂಡಿ ತೋಡಿದರೂ ಅದು ರಕ್ಷಿತ ಪ್ರದೇಶದಲ್ಲಿ ಅಗೆದಂತೆಯೇ. ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಇನ್ನು ಕೋಟೆಯ ವಿಷಯ. ಊರಿನ ಕಡೆಯಿಂದ ಮೊದಲ ಬಾಗಿಲು ದಾಟಿ ನಿಂತು ನೋಡಿ. ನೇರ ದಾರಿ ಇಲ್ಲ. ಎದುರಿಗೆ ಗೋಡೆ, ದಾರಿ ಪಕ್ಕಕ್ಕೆ ಹೊರಳುತ್ತದೆ, ಮತ್ತೆ ಹೊರಳಿ ಇನ್ನೊಂದು ಬಾಗಿಲಿಗೆ ತರುತ್ತದೆ. ಆನೆ ಓಡಿಬಂದು ಕದಕ್ಕೆ ಗುದ್ದದಂತೆ, ದಂಡು ಒಟ್ಟಾಗಿ ನುಗ್ಗದಂತೆ ದುರ್ಗವನ್ನಾಳಿದ ನಾಯಕರು ಇದನ್ನು ಬೇಕೆಂದೇ ಹೀಗೆ ಕಟ್ಟಿಸಿದರು. ಹೊರಳುವ ಕಡೆಯಲ್ಲೆಲ್ಲ ಮೇಲೆ ಬತೇರಿ, ಅಂದರೆ ಕಾವಲಿನ ಬುರುಜು. ಅಲ್ಲಿ ನಿಂತ ನಾಲ್ಕು ಜನ ಕೆಳಗಿನ ನೂರು ಜನರನ್ನು ತಡೆಯಬಹುದಿತ್ತು. ಹೈದರಾಲಿಯಂಥವನೂ ಮತ್ತೆ ಮತ್ತೆ ಮುತ್ತಿಗೆ ಹಾಕಬೇಕಾಯಿತು, ಕೋಟೆ ಅವನ ವಶವಾದದ್ದು 1779ರಲ್ಲಿ. ಒಬ್ಬರು ಮೈ ಬಾಗಿಸಿ ಮಾತ್ರ ನುಸುಳಬಹುದಾದ ಓಬವ್ವನ ಕಿಂಡಿಯ ಕಥೆ ದುರ್ಗದ ಪ್ರತಿ ಮಗುವಿಗೂ ಗೊತ್ತು. ಒಬ್ಬೊಬ್ಬರಾಗಿಯೇ ಬರಬೇಕಾದ ಇಕ್ಕಟ್ಟು ಅದು, ಅದಕ್ಕೇ ಒಂದು ಒನಕೆ ಸಾಕಾಯಿತು.

ಜನಸಂದಣಿಯನ್ನು ತಡೆಯಲೆಂದೇ ಹುಟ್ಟಿದ ಈ ಕಟ್ಟಡದೊಳಗೆ ನಾವೀಗ ಜನಸಂದಣಿಯನ್ನು ಕರೆಯುತ್ತಿದ್ದೇವೆ. ಶತ್ರುವಿಗೆ ಒಡ್ಡಿದ ಆ ಇಕ್ಕಟ್ಟು ಭಕ್ತರಿಗೂ ಇಕ್ಕಟ್ಟೇ. ಹಿಂದಿನವರಿಗೆ ಮುಂದೆ ಏನಾಯಿತೆಂದು ಕಾಣುವುದಿಲ್ಲ. ಯಾರೋ ಒಬ್ಬರು ಎಡವಿ ಬಿದ್ದರೂ ಹಿಂದಿನಿಂದ ತಳ್ಳುವುದು ನಿಲ್ಲುವುದಿಲ್ಲ. ಹಗಲಲ್ಲಿ ರಜೆಯ ದಿನ ಶಾಲಾ ಮಕ್ಕಳ ಎರಡು ಗುಂಪು ಒಂದೇ ತಿರುವಿನಲ್ಲಿ ಎದುರಾದರೆ ಆಗುವ ಫಜೀತಿಯನ್ನು ಕೋಟೆಗೆ ಹೋದವರೆಲ್ಲ ನೋಡಿರುತ್ತಾರೆ. ಮೇಲೆ ಹೋಗುತ್ತ ಬಂಡೆಯಲ್ಲೇ ಕೊರೆದ ಮೆಟ್ಟಿಲುಗಳು ಬರುತ್ತವೆ. ಹೆಜ್ಜೆ ಬಿದ್ದು ಬಿದ್ದು ನಡುಭಾಗ ಸವೆದು ನುಣುಪಾಗಿದೆ, ಕೆಲವು ಕಡೆ ಅಂಗಾಲು ಪೂರ್ತಿ ಊರಲು ಜಾಗವಿಲ್ಲ. ಶಿವರಾತ್ರಿ ಬಹುಳ ಚತುರ್ದಶಿ, ಮಾರನೆಯ ದಿನ ಅಮಾವಾಸ್ಯೆ. ಬೆಳದಿಂಗಳ ಆಸರೆಯೂ ಇಲ್ಲದ ರಾತ್ರಿ. ಇದರ ಜೊತೆಗೆ ಅಕ್ಕ ತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡದಂಥ ತೆರೆದ ನೀರಿನ ಅಂಚುಗಳಿವೆ. ಮೊಬೈಲ್ ಟಾರ್ಚು ಹಿಡಿದು ನಡೆಯುವ ಸಾವಿರಾರು ಜನರನ್ನು ಇಲ್ಲಿ ನೆನೆಸಿಕೊಂಡರೆ ನನಗೆ ಎದೆ ಝಲ್ಲೆನ್ನುತ್ತದೆ.

ಬೆಂಕಿಯ ಚಿಂತೆ ಬೇರೆ. ದೇಗುಲಗಳ ಮುಂದೆ ದೀಪಸ್ತಂಭಗಳಿವೆ, ದೀಪ ಹಚ್ಚುವುದು ಇಲ್ಲಿಗೆ ಹೊಸದಲ್ಲ. ಆದರೆ ಸ್ತಂಭದ ಮೇಲೆ ಹಚ್ಚುವ ದೀಪಕ್ಕೂ ಕಂಡ ಕಂಡ ಮೆಟ್ಟಿಲು, ಕಂಬ, ಗೋಡೆಯ ಗೂಡಿನಲ್ಲಿ ಇಡುವ ಹಣತೆಗೂ ವ್ಯತ್ಯಾಸ ಇದೆ. ಹಣತೆ ಆರಿದ ಮೇಲೆ ಅದರ ಕೆಳಗಿನ ಕಲ್ಲನ್ನು ನೋಡಿ. ಎಣ್ಣೆ ಹೀರಿಕೊಂಡು ಅಂಗೈಯಗಲ ಕಪ್ಪಾಗಿರುತ್ತದೆ. ಅದಕ್ಕೆ ಧೂಳು ಅಂಟುತ್ತದೆ, ಮುಂದಿನ ವರ್ಷ ಅದೇ ಜಾಗದಲ್ಲಿ ಮತ್ತೊಂದು ಹಣತೆ. ಕೆತ್ತನೆಯ ಗೆರೆಗಳು ಮೊದಲು ಮಸುಕಾಗುತ್ತವೆ, ಆಮೇಲೆ ಕಾಣುವುದೇ ಇಲ್ಲ. ಕರ್ಪೂರ ಇನ್ನೂ ಕೆಟ್ಟದ್ದು. ಬಂಡೆ ಒಡೆಯುವವರು ಹಿಂದೆ ಮಾಡುತ್ತಿದ್ದುದೇನು? ಕಲ್ಲಿನ ಮೇಲೆ ಬೆಂಕಿ ಹಾಕಿ ಕಾಯಿಸಿ ಚಕ್ಕೆ ಎಬ್ಬಿಸುತ್ತಿದ್ದರು. ನಮ್ಮ ಗ್ರಾನೈಟ್ ಬಂಡೆಗೂ ಶಾಖ ಆಗುವುದಿಲ್ಲ. ಮಾಘದ ಹೊತ್ತಿಗೆ ಬಂಡೆಗಳ ಸಂದಿಯ ಹುಲ್ಲು ಒಣಗಿ ನಿಂತಿರುತ್ತದೆ, ಕಿಡಿ ಬಿದ್ದರೆ ಗುಡ್ಡಕ್ಕೆ ಹಬ್ಬುತ್ತದೆ. ದೊಡ್ಡ ಬಂಡೆಗಳ ತಳಮೈಗೆ ಹೆಜ್ಜೇನು ಗೂಡು ಕಟ್ಟುತ್ತವೆ. ಹೊಗೆಗೆ ಅವು ಎದ್ದರೆ ಓಡಲು ದಾರಿ ಅದೇ ಮೆಟ್ಟಿಲು.

ಮೇಲುದುರ್ಗದಲ್ಲಿ ಕಲ್ಲಿನದಲ್ಲದ ಕಟ್ಟಡಗಳೂ ಇವೆ ಎಂಬುದನ್ನು ಜನ ಮರೆಯುತ್ತಾರೆ. ಅರಮನೆ, ಟಂಕಸಾಲೆ ಎಂದು ತೋರಿಸುವ ಮಣ್ಣಿನ ಗೋಡೆಗಳು ಮಳೆ ಗಾಳಿಗೆ ಸವೆಯುತ್ತ ನಿಂತಿವೆ. ಕೂರಲು ಜಾಗ ಹುಡುಕುವ ಜನ ಮೊದಲು ಏರುವುದೇ ಅಂಥ ಮೋಟುಗೋಡೆಗಳನ್ನು. ಕುಸಿದ ಕಲ್ಲನ್ನು ಎತ್ತಿ ಕೂರಿಸಬಹುದು, ಉದುರಿದ ಮಣ್ಣುಗೋಡೆಯನ್ನು ಯಾರೂ ವಾಪಸ್ ತರಲಾರರು.

ಹಾಗಾದರೆ ಬಾಗಿಲು ಹಾಕಿಬಿಡುವುದೇ ಸರಿಯೇ? ಅದೂ ತಪ್ಪು ಎಂದು ತೋರಿಸಿದ್ದು ಇಂಗ್ಲೆಂಡಿನ ಸ್ಟೋನ್‌ಹೆಂಜ್. ಜೂನ್ ತಿಂಗಳ ಅತಿ ದೀರ್ಘ ಹಗಲಿನ ಸೂರ್ಯೋದಯ ನೋಡಲು ಆ ಪುರಾತನ ಕಲ್ಲುವೃತ್ತದ ಹತ್ತಿರ ಜನ ಸೇರುತ್ತಾರೆ. 1974ರಿಂದ 1984ರವರೆಗೆ ಅಲ್ಲಿ ಅಂಕೆಯಿಲ್ಲದ ಉತ್ಸವ ನಡೆಯಿತು, ಜಾಗ ಹಾಳಾಯಿತು. 1985ರಲ್ಲಿ ಪೂರ್ತಿ ನಿಷೇಧ ಹೇರಿದರು. ಆ ವರ್ಷ ಜೂನ್ 1ರಂದು ಅಲ್ಲಿಗೆ ಹೊರಟಿದ್ದವರ ಮೇಲೆ ಪೊಲೀಸರು ಬಿದ್ದು, 500ಕ್ಕೂ ಹೆಚ್ಚು ಜನರ ಬಂಧನವಾಯಿತು. ಆಮೇಲೆ ವರ್ಷ ವರ್ಷವೂ ಜಟಾಪಟಿ. ಕೊನೆಗೆ ಕೆಲಸಕ್ಕೆ ಬಂದದ್ದು ಮಾತುಕತೆ: ಸ್ಮಾರಕದವರು, ಪೊಲೀಸರು, ಸುತ್ತಲಿನ ಊರವರು, ಅಲ್ಲಿ ಆರಾಧನೆ ಮಾಡುವವರು ಎಲ್ಲರೂ ಕೂತು ಷರತ್ತು ಬರೆದುಕೊಂಡರು. 2000ದಿಂದ ಆ ರಾತ್ರಿ ಬಾಗಿಲು ತೆರೆದಿದೆ. ಪ್ರವೇಶ ಉಚಿತ. ಸಂಜೆ 7ರ ಸುಮಾರಿಗೆ ಒಳಗೆ, ಬೆಳಿಗ್ಗೆ 8ಕ್ಕೆ ಹೊರಗೆ. ಕಲ್ಲು ಹತ್ತುವಂತಿಲ್ಲ, ಬೆಂಕಿ ಇಲ್ಲ, ಮೈಕ್ ಇಲ್ಲ, ದೊಡ್ಡ ಬ್ಯಾಗ್ ಇಲ್ಲ, 2016ರಿಂದ ಮದ್ಯವೂ ಇಲ್ಲ. ಆದರೆ ಅದು ಬಟ್ಟಬಯಲು, ನಾಲ್ಕೂ ಕಡೆಯಿಂದ ಜನ ಚದುರಬಹುದು. ಆ ಲೆಕ್ಕದ ಸಾವಿರಾರು ಜನ ನಮ್ಮ ಗುಡ್ಡಕ್ಕೆ ಹೊಂದುವುದಿಲ್ಲ. ಅಲ್ಲಿಂದ ನಾವು ತರಬೇಕಾದದ್ದು ಆ ಮಾತುಕತೆಯ ಕ್ರಮವನ್ನು.

ನಮ್ಮ ದೇಶದಲ್ಲೂ ಸೂರ್ಯಾಸ್ತದ ಗೆರೆ ಸಡಿಲವಾದದ್ದುಂಟು. 2019ರಲ್ಲಿ 10 ಸ್ಮಾರಕಗಳನ್ನು ರಾತ್ರಿ 9ರವರೆಗೆ ತೆರೆದಿಡಲು ತೀರ್ಮಾನಿಸಿದಾಗ ಪಟ್ಟಿಯಲ್ಲಿ ವಿಜಯಪುರದ ಗೋಳಗುಮ್ಮಟ, ಪಟ್ಟದಕಲ್ಲು ಇದ್ದವು. ತಾಜ್‌ಮಹಲಿನಲ್ಲಿ ಹುಣ್ಣಿಮೆಯ ಆಸುಪಾಸಿನ ರಾತ್ರಿಗಳಲ್ಲಿ 50 ಜನರ ತಂಡ, ತಂಡಕ್ಕೆ ಅರ್ಧ ಗಂಟೆ, ರಾತ್ರಿಗೆ 400 ಜನ ಎಂಬ ಲೆಕ್ಕವಿದೆ.

ಇದನ್ನು ಕೇಳಿದ ಕೂಡಲೇ ಹಲವರಿಗೆ ಒಂದು ಉಪಾಯ ಹೊಳೆಯುತ್ತದೆ. ಶಿವರಾತ್ರಿಗೆ ನಾಲ್ಕು ಯಾಮದ ಪೂಜೆ ಇದೆ, ಯಾಮಕ್ಕೊಂದು ತಂಡ ಬಿಡಬಹುದಲ್ಲ? ಕೇಳಲು ಚೆಂದ, ನಾನು ಒಪ್ಪಲಾರೆ. ತಾಜ್‌ಮಹಲಿನದು ಸಮತಟ್ಟು ಅಂಗಳ. ಇಲ್ಲಿ ನಾಲ್ಕು ತಂಡ ಎಂದರೆ ಕತ್ತಲಲ್ಲಿ ನಾಲ್ಕು ಸಲ ಹತ್ತುವವರೂ ಇಳಿಯುವವರೂ ಅದೇ ತಿರುವುಗಳಲ್ಲಿ ಎದುರಾಗಬೇಕು. ಅಪಾಯ ಇರುವುದೇ ಆ ಓಡಾಟದಲ್ಲಿ. ಜಾಗರಣೆ ಎಂದರೆ ಒಂದು ಕಡೆ ಕೂತು ಬೆಳಗು ಮಾಡುವುದು ತಾನೇ? ಹೊತ್ತು ಮುಳುಗುವ ಮೊದಲೇ ಹತ್ತಿ, ದೇಗುಲದ ಅಂಗಳದಲ್ಲಿ ಕೂತು, ಬೆಳಕು ಹರಿದ ಮೇಲೆ ಇಳಿಯಲಿ. ನಡುರಾತ್ರಿ ಬಾಗಿಲು ತೆಗೆಯುವುದು ಕಾಯಿಲೆ ಬಿದ್ದವರಿಗೆ ಮಾತ್ರ. ಎಷ್ಟು ಜನ ಎಂಬುದನ್ನು ಅಂಗಳ ಮತ್ತು ಶೌಚಾಲಯ ತೀರ್ಮಾನಿಸಬೇಕು. ಮೇಲಕ್ಕೆ ಗಾಡಿ ಹೋಗುವುದಿಲ್ಲ, ತಾತ್ಕಾಲಿಕ ಶೌಚಾಲಯವನ್ನೂ ಕುಡಿಯುವ ನೀರನ್ನೂ ಹೊತ್ತೇ ಒಯ್ಯಬೇಕು. ಅಂದರೆ ಅದು ನೂರುಗಳ ಲೆಕ್ಕವೇ ಹೊರತು ಸಾವಿರದ್ದಲ್ಲ. ಉಳಿದವರಿಗೆ ಹಗಲು ಪೂರ್ತಿ ದರ್ಶನ ಇದ್ದೇ ಇದೆ.

ಮಿಕ್ಕದ್ದು ಸಣ್ಣ ಏರ್ಪಾಡು. ದೇಗುಲದ ದಾರಿ ಬಿಟ್ಟು ಕಿಂಡಿ, ಹೊಂಡ, ತುಪ್ಪದ ಕೊಳದ ಕಡೆಗೆಲ್ಲ ಹಗ್ಗ ಕಟ್ಟಿ ಸ್ವಯಂಸೇವಕರನ್ನು ನಿಲ್ಲಿಸಬೇಕು. ದಾರಿದೀಪ ನೆಲದ ಮೇಲೆ ಇಡುವಂಥದ್ದು ಸಾಕು, ಗೋಡೆಗೆ ಮೊಳೆ ಬೇಡ. ಹಣತೆ ಹಚ್ಚುವುದಿದ್ದರೆ ಮರಳು ತುಂಬಿದ ತಟ್ಟೆಯಲ್ಲಿ, ಒಂದೇ ಕಡೆ. ಪ್ರಸಾದ ಕೆಳಗೇ ತಯಾರಾಗಿ ಬರಲಿ.

ಟಿಕೆಟ್ ಬಗ್ಗೆಯೂ ಕೇಳುತ್ತೀರಿ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ನಿರ್ದಿಷ್ಟ ಸಂದರ್ಭಗಳಲ್ಲಿ ಶುಲ್ಕ ಬಿಟ್ಟುಕೊಡುವ ಅಧಿಕಾರ ಇಲಾಖೆಯ ಮಹಾನಿರ್ದೇಶಕರಿಗಿದೆ. ಗೇಟಿನಲ್ಲಿ ಕೂತ ನೌಕರರ ಜೊತೆ ಜಗಳವಾಡಿ ಫಲವಿಲ್ಲ, ಅದು ಅವರ ಕೈಯಲ್ಲಿಲ್ಲ.

ಕೇಳಬೇಕಾದ ರೀತಿ ಹೀಗೆ: ಪೂಜೆ ನಡೆಸಿಕೊಂಡು ಬಂದವರು ಮತ್ತು ಊರಿನ ಹಿರಿಯರು ಒಟ್ಟಾಗಿ, ಹಬ್ಬಕ್ಕೆ ಕೆಲವು ತಿಂಗಳು ಇರುವಾಗಲೇ, ಪುರಾತತ್ವ ಇಲಾಖೆಗೆ ಲಿಖಿತ ಮನವಿ ಕೊಡಿ. ಪ್ರತಿಗಳು ಜಿಲ್ಲಾಧಿಕಾರಿಗೂ ಪೊಲೀಸ್ ವರಿಷ್ಠಾಧಿಕಾರಿಗೂ ಹೋಗಲಿ. ‘ಕೋಟೆ ತೆರೆಯಿರಿ’ ಎಂಬ ಒಂದು ಸಾಲಿನ ಮನವಿಗೆ ‘ಆಗುವುದಿಲ್ಲ’ ಎಂಬ ಒಂದು ಸಾಲಿನ ಉತ್ತರ ಸುಲಭವಾಗಿ ಬರುತ್ತದೆ. ಯಾವ ದೇಗುಲ, ಎಷ್ಟು ಜನ, ಯಾವ ಹೊತ್ತಿಗೆ ಹತ್ತಿ ಯಾವಾಗ ಇಳಿಯುತ್ತೀರಿ, ದೀಪ ಎಲ್ಲಿ, ನೀರು ಎಲ್ಲಿಂದ, ಬೆಳಿಗ್ಗೆ ಕಸ ಹೊತ್ತು ತರುವವರು ಯಾರು ಎಂದು ಬರೆಯಿರಿ. ಈ ಪೂಜೆ ಮೊದಲಿನಿಂದ ನಡೆದುಬಂದದ್ದು ಎಂದು ತೋರಿಸುವ ಹಳೆಯ ಆಮಂತ್ರಣ, ರಸೀದಿ, ಫೋಟೊ ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಇದ್ದರೆ ಅದರ ನಕಲನ್ನೂ ಲಗತ್ತಿಸಿ. 7ನೇ ನಿಯಮದ ಎರಡನೇ ಸಾಲಿಗೆ ಬಲ ಬರುವುದು ಅಂಥ ಕಾಗದಗಳಿಂದಲೇ.