ಬಿ-1ರಲ್ಲಿ ಬಂಡಿ ಹೂತುಕೊಳ್ಳುವುದೇಕೆ?

ಪುಣೆಯ ಹಿಂಜವಡಿ, ಚಾಕಣ ಕಡೆಯ ಕಂಪನಿಗಳಲ್ಲಿ ದುಡಿಯುವ ವಿಜಯಪುರ, ಕಲಬುರಗಿ, ಬೆಳಗಾವಿಯ ಹುಡುಗರು ಸಂಬಳದ ಮಾತು ಮುಗಿದ ಮೇಲೆ ಕೇಳಿಕೊಳ್ಳುವ ಪ್ರಶ್ನೆ: ‘ನಿನ್ನ ಬಿ-1 ಏನಾಯಿತು?’ ಬಿ-1 ಎಂದರೆ ಪರಭಾಷೆಯ ಮೇಲಿನ ಹಿಡಿತವನ್ನು ಅಳೆಯುವ ಆರು ಹಂತಗಳಲ್ಲಿ ಮೂರನೆಯದು. ಜರ್ಮನ್ ಕಲಿಯಲು ಗೊಯಥೆ ಸಂಸ್ಥೆಯ ಮ್ಯಾಕ್ಸ್ ಮುಲ್ಲರ್ ಭವನವಿದೆ, ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ರಾನಡೆ ಇನ್‌ಸ್ಟಿಟ್ಯೂಟ್ ಇದೆ. ಖಾಸಗಿ ತರಗತಿಗಳಂತೂ ಗಲ್ಲಿಗೊಂದು.

ಎ-1ರಿಂದ ಸಿ-2ರವರೆಗಿನ ಆರು ಹಂತಗಳ ಈ ಚೌಕಟ್ಟನ್ನು ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿತು. ಆ ಭಾಷೆಯಲ್ಲಿ ನೀವೇನು ಮಾಡಬಲ್ಲಿರಿ ಎಂಬುದೇ ಅದರ ಅಳತೆ. ಎದುರಿನವರು ನಿಧಾನವಾಗಿ ಮಾತನಾಡಿದರೆ ಹೆಸರು, ಊರು ಹೇಳಿಕೊಳ್ಳಬಲ್ಲವರು ಎ-1. ಪ್ರಯಾಣದಲ್ಲಿ ಎದುರಾಗುವ ಬಹುತೇಕ ಸಂದರ್ಭಗಳನ್ನು ನಿಭಾಯಿಸಬಲ್ಲವರು ಬಿ-1. ಆ ಭಾಷೆಯವರೊಡನೆ ಇಬ್ಬರಿಗೂ ತ್ರಾಸವಾಗದಂತೆ ವೃತ್ತಿಯ ವಿಷಯ ಚರ್ಚಿಸಬಲ್ಲವರು ಬಿ-2.

ಮೊದಲೆರಡು ಹಂತ ಭರಭರನೆ ಮುಗಿಯುತ್ತವೆ. ಬಿ-1 ದಾಟುವಾಗ ಬಂಡಿ ಹೂತುಕೊಳ್ಳುತ್ತದೆ, ಜನ ತಮ್ಮ ಸೋಮಾರಿತನವನ್ನು ಬೈದುಕೊಳ್ಳುತ್ತಾರೆ. ಪಾಪ, ಅಷ್ಟೆಲ್ಲ ಬೈದುಕೊಳ್ಳಬೇಕಾಗಿಲ್ಲ. ಯಾವ ಭಾಷೆಯಲ್ಲೂ ಕೆಲವೇ ಪದಗಳು ಮತ್ತೆ ಮತ್ತೆ ಬರುತ್ತವೆ, ಉಳಿದ ಸಾವಿರಾರು ಪದಗಳು ಅಪರೂಪಕ್ಕೆ ಮುಖ ತೋರಿಸುತ್ತವೆ. ಅಮೆರಿಕದ ಭಾಷಾಶಾಸ್ತ್ರಜ್ಞ ಜಾರ್ಜ್ ಜಿಪ್ಫ್ ಪ್ರಚುರಪಡಿಸಿದ ನಿಯಮದಂತೆ, ಬಳಕೆಯಲ್ಲಿ ನೂರನೆಯ ಸ್ಥಾನದ ಪದ ಮೊದಲನೆಯದರ ಸುಮಾರು ನೂರನೇ ಒಂದು ಭಾಗದಷ್ಟೇ ಕಾಣಿಸಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಹೆಚ್ಚು ಬಳಕೆಯ 2,000 ಪದಕುಟುಂಬಗಳು (ಒಂದು ಮೂಲಪದ, ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ) ಬಂದರೆ ಸಾಮಾನ್ಯ ಬರಹದ ಶೇ 80ಕ್ಕೂ ಹೆಚ್ಚು ಭಾಗ ಪರಿಚಿತ. ಆದರೆ ಪತ್ರಿಕೆ, ಕಾದಂಬರಿಗಳನ್ನು ಯಾರ ನೆರವೂ ಇಲ್ಲದೆ ಓದಲು ಶೇ 98 ಗೊತ್ತಿರಬೇಕು, ಅದಕ್ಕೆ 8,000ದಿಂದ 9,000 ಪದಕುಟುಂಬಗಳು ಬೇಕು ಎಂದು ಭಾಷಾ ಕಲಿಕೆಯ ಸಂಶೋಧಕ ಪಾಲ್ ನೇಷನ್ 2006ರಲ್ಲಿ ಅಂದಾಜಿಸಿದರು. ಅಪರೂಪಕ್ಕೆ ಬರುವ ಈ ಎರಡನೆಯ ಗುಂಪಿನ ಪದಗಳದೇ ತಕರಾರು: ಇಂದು ಕಲಿತದ್ದು ಮತ್ತೆ ಎದುರಾಗುವ ಹೊತ್ತಿಗೆ ಮರೆತುಹೋಗಿರುತ್ತದೆ. ಆದ್ದರಿಂದ ಒಂದೇ ವಿಷಯವನ್ನು ಹಿಡಿದು ಓದುವುದು ಲೇಸು. ಚಾಕಣದ ಎಂಜಿನಿಯರ್ ಕಾರುಗಳ ಬಗ್ಗೆಯೇ ಜರ್ಮನ್‌ನಲ್ಲಿ ಓದುತ್ತ ಹೋದರೆ ಬ್ರೇಕು, ಗೇರು, ಬಿಡಿಭಾಗಗಳ ಪದಗಳು ಪುಟಪುಟದಲ್ಲೂ ಸಿಗುತ್ತವೆ.

ಜಪಾನಿ ಹಿಡಿದವರ ಕಷ್ಟ ಬೇರೆ. ಕ್ರಿಯಾಪದ ಕೊನೆಗೆ ಬರುವುದು ಕನ್ನಡಿಗರಿಗೆ ಹೊಸದೇನಲ್ಲ, ಆದರೆ ದೈನಂದಿನ ಬಳಕೆಯ ಅಧಿಕೃತ ಪಟ್ಟಿಯಲ್ಲೇ ಚೀನಾ ಮೂಲದ 2,136 ಕಾಂಜಿ ಅಕ್ಷರಗಳಿವೆ. ಮೇಲಾಗಿ ಸುಲಭದ ಎನ್-5ರಿಂದ ಕಠಿಣದ ಎನ್-1ರವರೆಗಿನ ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯಲ್ಲಿ ಮಾತನ್ನು ಪರೀಕ್ಷಿಸುವುದೇ ಇಲ್ಲ. ಎನ್-2 ಪ್ರಮಾಣಪತ್ರ ಹಿಡಿದೂ ಟೋಕಿಯೊದ ಫೋನ್ ಕರೆಗೆ ತಡವರಿಸುವುದರಲ್ಲಿ ಆಶ್ಚರ್ಯವಿಲ್ಲ.

ಒಬ್ಬ ವ್ಯಕ್ತಿಗೆ ಒಂದೇ ಹಂತ ಎಂಬುದೂ ಅನುಕೂಲಕ್ಕೆ ಮಾಡಿಕೊಂಡ ಮಾತು. ಪುಣೆಯಲ್ಲಿ ಬಹುಕಾಲದಿಂದ ಇರುವ ನಮ್ಮ ಗೃಹಿಣಿಯರ ಮರಾಠಿಯನ್ನೇ ನೋಡಿ. ಮಂಡಯಿಯಲ್ಲಿ, ಅಂದರೆ ತರಕಾರಿ ಪೇಟೆಯಲ್ಲಿ, ಚೌಕಾಸಿಗೆ ನಿಂತರೆ ಬಿ-2ಕ್ಕೆ ಕಡಿಮೆಯಿಲ್ಲ. ವಸತಿ ಸೊಸೈಟಿಯ ನೋಟಿಸನ್ನು ಶಾಲೆಯ ಹಿಂದಿಯ ಬಲದಿಂದ ಸಲೀಸಾಗಿ ಓದುತ್ತಾರೆ, ಅರ್ಥಕ್ಕೆ ಮಗಳನ್ನು ಕರೆಯುತ್ತಾರೆ. ಅದೇ ಸೊಸೈಟಿಗೆ ಅರ್ಜಿ ಬರೆಯಬೇಕಾದಾಗ ಎ-1. ಗೊಯಥೆ ಸಂಸ್ಥೆಯ ಬಿ-1 ಪರೀಕ್ಷೆಯಲ್ಲಿ ಓದು, ಆಲಿಕೆ, ಬರಹ, ಮಾತು ನಾಲ್ಕೂ ಪ್ರತ್ಯೇಕ. ಬರಹದಲ್ಲಿ ಬಿದ್ದವರು ಅದೊಂದಕ್ಕೇ ಮತ್ತೆ ಕಟ್ಟಬಹುದು.