ಅಷ್ಟು ಹತ್ತಿರ ಬಂದ ಧೂಮಕೇತುವನ್ನು ಮಂಗಳ ಯಾಕೆ ಎಳೆದುಕೊಳ್ಳಲಿಲ್ಲ?

ಪ್ರಶ್ನೆ: 2014ರಲ್ಲಿ ಸೈಡಿಂಗ್ ಸ್ಪ್ರಿಂಗ್ ಧೂಮಕೇತು ಮಂಗಳದ ಪಕ್ಕದಲ್ಲೇ ಹೋಯಿತಲ್ಲ, ಗುರುತ್ವ ಅದನ್ನು ಸೆಳೆದು ಬೀಳಿಸಬೇಕಿತ್ತಲ್ಲವೇ?

ಇದನ್ನು ಎಷ್ಟು ಸಲ ಬಿಡಿಸಿ ಹೇಳಿದರೂ ಮತ್ತೆ ಅದೇ ಪ್ರಶ್ನೆ ಬರುತ್ತದೆ. ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ. ಗುರುತ್ವ ಎಂದರೆ ಹೊಳೆಯ ಸುಳಿಯಲ್ಲ. ಹತ್ತಿರ ಬಂದದ್ದನ್ನೆಲ್ಲ ಅದು ನುಂಗುವುದಿಲ್ಲ. ಎಳೆತ ಇದ್ದೇ ಇದೆ, ಆದರೆ ಎಳೆಯಲು ಸಿಗುವ ಹೊತ್ತೆಷ್ಟು ಎಂದು ನೋಡಬೇಕು.

ಅಕ್ಟೋಬರ್ 19ರಂದು ಧೂಮಕೇತು ಹಾದುಹೋದದ್ದು ಸುಮಾರು 1,40,000 ಕಿ.ಮೀ. ದೂರದಲ್ಲಿ, ಸೆಕೆಂಡಿಗೆ 56 ಕಿ.ಮೀ. ವೇಗದಲ್ಲಿ. ಅಷ್ಟು ದೂರದಲ್ಲಿ ಮಂಗಳದ ಹಿಡಿತ ತಪ್ಪಿಸಿಕೊಳ್ಳಲು ಸೆಕೆಂಡಿಗೆ 0.8 ಕಿ.ಮೀ. ಸಾಕು. ಅದರ ಎಪ್ಪತ್ತು ಪಟ್ಟು ವೇಗದಲ್ಲಿ ಓಡುವುದು ಸಿಕ್ಕೀತೆ? ದಾರಿ ಬಾಗಿದ್ದು ಒಂದು ಡಿಗ್ರಿಯ ತೊಂಬತ್ತರಲ್ಲೊಂದು ಪಾಲು, ಅಂದರೆ ಮುಂದಿನ ಹತ್ತು ಲಕ್ಷ ಕಿ.ಮೀ. ಓಟದಲ್ಲಿ 200 ಕಿ.ಮೀ. ಅತ್ತಿತ್ತ. ಮಂಗಳದ ತ್ರಿಜ್ಯ 3,390 ಕಿ.ಮೀ. ಆ ವೇಗದ ಧೂಮಕೇತು ಬಡಿಯಬೇಕಾದರೆ ದೂರದಿಂದಲೇ ಅದರ ನೇರ ದಾರಿ ಗ್ರಹದ ಕೇಂದ್ರದಿಂದ 3,404 ಕಿ.ಮೀ. ಒಳಗಿರಬೇಕು. ಗುರುತ್ವ ಕೂಡಿಸಿದ್ದು ಬರೀ 14 ಕಿ.ಮೀ.!

1994ರಲ್ಲಿ ಗುರುಗ್ರಹಕ್ಕೆ ಬಡಿದ ಶೂಮೇಕರ್-ಲೆವಿ 9ರ ಮಾತೇ ಬೇರೆ. ಅದು ಮೊದಲೇ ಗುರುವಿನ ಸೆರೆಗೆ ಬಿದ್ದು ಅದನ್ನೇ ಸುತ್ತುತ್ತಿತ್ತು. 1992ರ ಸುತ್ತಿನಲ್ಲಿ ಚೂರಾಗಿ, ಮುಂದಿನ ಸುತ್ತಿನಲ್ಲಿ ಬಡಿಯಿತು.

ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ: ಆಗ ಮಂಗಳ ತಲುಪಿ 25 ದಿನವಷ್ಟೇ ಆಗಿದ್ದ ನಮ್ಮ ಮಂಗಳಯಾನದ ಗತಿ? ನಿಜವಾದ ಭಯ ಇದ್ದದ್ದು ದೂಳಿನದು. ಆ ವೇಗದಲ್ಲಿ ಬರುವ ಒಂದೇ ಮಿಲಿಗ್ರಾಂ ಕಣ, 50 ಕೆ.ಜಿ. ಅಕ್ಕಿ ಮೂಟೆ ಹತ್ತಡಿ ಮೇಲಿನಿಂದ ಬಿದ್ದಷ್ಟು ಶಕ್ತಿಯನ್ನು ಸೂಜಿಮೊನೆಯಷ್ಟು ಜಾಗಕ್ಕೆ ಹೊಡೆಯುತ್ತದೆ. ದೂಳೆಲ್ಲ ಒಂದೇ ದಿಕ್ಕಿನಿಂದ ಬರುವುದರಿಂದ ಗ್ರಹದ ಹಿಂದೆ ಮರೆ ಸಿಗುತ್ತದೆ. ಅಪಾಯದ ಹೊತ್ತು, ಧೂಮಕೇತು ಅತಿ ಹತ್ತಿರ ಬಂದು ಒಂದೂವರೆ ಗಂಟೆಯ ಬಳಿಕ, ಸುಮಾರು 20 ನಿಮಿಷ. ಆಗ ನೌಕೆ ಮರೆಯಲ್ಲಿದ್ದರಾಯಿತು.

ಅದಕ್ಕೆ ಕೊನೇ ಗಳಿಗೆಯಲ್ಲಿ ಓಡಬೇಕಿಲ್ಲ. ಮಂಗಳಯಾನಕ್ಕಿಂತ ಮೊದಲೇ ಅಲ್ಲಿದ್ದು, ಎರಡು ಗಂಟೆಗೊಮ್ಮೆ ಸುತ್ತುವ ಬೇರೊಂದು ನೌಕೆಯ ಸುತ್ತನ್ನು ನೂರು ದಿನ ಮೊದಲೇ ಒಂದು ಸೆಕೆಂಡು ಬದಲಿಸಿ ನೋಡಿ: ದಿನಕ್ಕೆ 12 ಸುತ್ತು, ಒಟ್ಟು 1,200 ಸೆಕೆಂಡು, ಸರಿಯಾಗಿ 20 ನಿಮಿಷ.